ಮುಂದೂಡಲಾಗದ ಗಳಿಗೆ

ತಾಳ್ಮೆಯನ್ನು ಸದ್ಗುಣಗಳ ಪಂಕ್ತಿಯಲ್ಲಿ ಮೊದಲಿಗೆ ಕೂರಿಸುವುದು ಎಲ್ಲ ಜನಾಂಗಗಳಲ್ಲಿಯೂ ನಡೆದುಬಂದ ಪದ್ಧತಿ. 2020ನೆಯ ಇಸವಿಯಲ್ಲಿ ಕೋವಿಡ್ ಮಹಾಮಾರಿಯು ನಮ್ಮ ನಾಡಿಗೆ ಬಂದಾಗ ಸರ್ಕಾರವು ಪ್ರಜೆಗಳಿಂದ ಬೇಡಿದ್ದೂ ಆ ಗುಣವನ್ನೇ. ಮಾರ್ಚಿ 25ರಿಂದ ದೇಶವೆಲ್ಲ ಮನೆಯೊಳಗಾಯಿತು. ರೈಲು ನಿಂತಿತು, ಬಸ್ಸು ನಿಂತಿತು. ಮದುವೆಗಳೂ ಜಾತ್ರೆಗಳೂ ಮುಂದಕ್ಕೆ ಹೋದವು. ಮಾರ್ಚಿಯಲ್ಲಿ ನಡೆಯಬೇಕಾಗಿದ್ದ ಹತ್ತನೆಯ ತರಗತಿಯ ಪರೀಕ್ಷೆಯು ಜೂನ್ 25ಕ್ಕೆ ಮೊದಲಾಯಿತು. ಇದರಿಂದ ನಷ್ಟಪಟ್ಟವರು ಇಲ್ಲವೆಂದಲ್ಲ; ಆದರೆ ಆರು ತಿಂಗಳು ತಡವಾದ ಮದುವೆಯೂ ಮದುವೆಯೇ. ಮುಂದಕ್ಕೆ ಹಾಕಲಾಗದ ಕಾರ್ಯಗಳು ಮನುಷ್ಯಜೀವನದಲ್ಲಿ ಎರಡೇ—ಹೆರಿಗೆ ಮತ್ತು ಮರಣ. ಒಂದನ್ನು ತಡೆದು ನಿಲ್ಲಿಸಹೋದಲ್ಲಿ ಇನ್ನೊಂದು ಅದರ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಹೀಗೆ ತೀರಿಕೊಂಡವಳ ಸಾವು ಯಾರ ಲೆಕ್ಕಕ್ಕೆ ಸೇರತಕ್ಕದ್ದು ಎಂಬುದೇ ಇಲ್ಲಿಯ ವಿಚಾರ.

ಮಹಾಮಾರಿಯು ಗರ್ಭಿಣಿಯ ಬಳಿಗೆ ಎರಡು ದಾರಿಗಳಿಂದ ಬರುತ್ತದೆ. ಮೊದಲನೆಯದು ರೋಗದ ದಾರಿ. ಅದಕ್ಕೆ ಸಾಕ್ಷಿ ಹಳೆಯದು. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಭರತಖಂಡದಲ್ಲಿ ಕೋಟಿಗೆ ಮೀರಿದ ಜನ ಮಡಿದರು. ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಮಡಿದರು. ಅಮೆರಿಕದಲ್ಲಿ ಹ್ಯಾರಿಸ್ ಎಂಬ ವೈದ್ಯನು ಆ ಜ್ವರ ತಗುಲಿದ 1,350 ಗರ್ಭಿಣಿಯರ ವೃತ್ತಾಂತವನ್ನು ಸಂಗ್ರಹಿಸಿ 1919ರಲ್ಲಿ ಪ್ರಕಟಿಸಿದನು. ಅವರಲ್ಲಿ ನೂರಕ್ಕೆ 27 ಮಂದಿ ಉಳಿಯಲಿಲ್ಲ. ಬೆಳೆದ ಗರ್ಭವು ವಪೆಯನ್ನು ಮೇಲಕ್ಕೆ ಒತ್ತಿ ಶ್ವಾಸಕೋಶಗಳ ಅವಕಾಶವನ್ನು ಕುಗ್ಗಿಸುತ್ತದೆ. ಇಬ್ಬರಿಗಾಗಿ ಉಸಿರಾಡುವವಳಿಗೆ ಪ್ರಾಣವಾಯು ಹೆಚ್ಚಾಗಿಯೇ ಬೇಕು. ನೂರು ವರ್ಷಗಳ ಬಳಿಕ ಕೋವಿಡ್ಡೂ ಇದೇ ಪಾಠವನ್ನು ಒಪ್ಪಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನಿನಲ್ಲಿ ತಿಳಿಸಿದಂತೆ, ಸೋಂಕು ತಗುಲಿದ ಗರ್ಭಿಣಿಯರಲ್ಲಿಯೂ ಬಾಣಂತಿಯರಲ್ಲಿಯೂ ಮೊದಲನೆಯ ಅಲೆಯಲ್ಲಿ ನೂರಕ್ಕೆ 0.7ರಷ್ಟಿದ್ದ ಮರಣವು ಎರಡನೆಯ ಅಲೆಯಲ್ಲಿ 5.7ಕ್ಕೆ ಏರಿತ್ತು. ಆ ವರ್ಷದ ಜನವರಿ 16ರಿಂದಲೇ ದೇಶದಲ್ಲಿ ಲಸಿಕೆ ಹಾಕುವುದು ಆರಂಭವಾಗಿತ್ತು. ಆದರೆ ಲಸಿಕೆಯ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲವಾಗಿ, ಅವರಿಗೆ ಅನುಮತಿ ದೊರೆತದ್ದು ಜುಲೈ 2ರಂದು. ಎರಡನೆಯ ಅಲೆಯ ಘೋರವೆಲ್ಲ ಅಷ್ಟರಲ್ಲಿ ಮುಗಿದಿತ್ತು. ಕಾಪಾಡಬೇಕೆಂಬ ಉದ್ದೇಶದಿಂದಲೇ ಅವರನ್ನು ಕಾಪಾಡದೆ ಬಿಟ್ಟಂತಾಯಿತು. ವೈದ್ಯಶಾಸ್ತ್ರದ ಎಚ್ಚರಿಕೆಯನ್ನು ನಾನು ನಿಂದಿಸುವವನಲ್ಲ. ಆದರೆ ‘ನಮಗೆ ತಿಳಿಯದು’ ಎಂಬ ಮಾತಿಗೆ ಬಸುರಿಯ ಪಕ್ಷದಲ್ಲಿ ಯಾವಾಗಲೂ ‘ಬೇಡ’ ಎಂದೇ ಏಕೆ ಅರ್ಥವಾಗಬೇಕು?

ಎರಡನೆಯದು ರೋಗವು ಮುಟ್ಟದೆಯೇ ಕೊಲ್ಲುವ ದಾರಿ. ನೀತಿವಿಚಾರಕ್ಕೆ ಇದೇ ಹೆಚ್ಚು ಕಠಿನವಾದುದು. ತ್ಯಾಡಿಯಸ್, ಮೇನ್ ಎಂಬ ಇಬ್ಬರು ವಿದುಷಿಯರು 1994ರಲ್ಲಿ ಬಾಣಂತಿಯರ ಮರಣಕ್ಕೆ ಮೂರು ತಡಗಳನ್ನು ಹೇಳಿದರು: ಹೊರಡಲು ನಿಶ್ಚಯಿಸುವುದರಲ್ಲಿ ತಡ, ದಾರಿಯಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ತಡ. ಗುಬ್ಬಿಯಿಂದ ತುಮಕೂರು ಸುಮಾರು 20 ಕಿಲೋಮೀಟರು; ಕುಣಿಗಲಿನಿಂದ 40ಕ್ಕೆ ಒಳಗು. ನಕ್ಷೆಯನ್ನು ನೋಡುವವನಿಗೆ ಇದೊಂದು ದೂರವೇ ಅಲ್ಲ. ಆದರೆ ಹಳ್ಳಿಯಿಂದ ಹೋಬಳಿಗೆ, ಹೋಬಳಿಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ವಾಣಿವಿಲಾಸಕ್ಕೆ ಎಂದು ಕಳುಹಿಸಲ್ಪಡುವ ಹೆಂಗಸಿಗೆ ಆ ದೂರವು ಬೇರೆಯೇ. ಹೆರಿಗೆಯ ಅನಂತರ ರಕ್ತವು ಕಟ್ಟದೆ ಹರಿದರೆ ಎರಡು ಗಂಟೆಗಳೊಳಗೆ ಪ್ರಾಣ ಹೋಗಬಹುದು. ಸಂಚಾರ ನಿರ್ಬಂಧದ ಕಾಲದಲ್ಲಿ ವಾಹನ ಹುಡುಕುವುದರಲ್ಲಿಯೇ ಅದರಲ್ಲಿ ಅರ್ಧ ಕಳೆಯುತ್ತಿತ್ತು. ರಕ್ತದಾನ ಶಿಬಿರಗಳು ನಿಂತು ರಕ್ತನಿಧಿಗಳು ಬರಿದಾಗುತ್ತಿದ್ದವು. ನಾಡಿನ ಅನೇಕ ದೊಡ್ಡ ಆಸ್ಪತ್ರೆಗಳು ಕೋವಿಡ್ ರೋಗಿಗಳಿಗೆ ಮೀಸಲಾಗಿದ್ದವು. 2020ರ ಜುಲೈಯಲ್ಲಿ ರಾಜಧಾನಿಯಾದ ಬೆಂಗಳೂರಿನಲ್ಲಿಯೇ ಒಬ್ಬಾಕೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಆಟೋರಿಕ್ಷಾದಲ್ಲಿ ಹೆತ್ತಳು, ಕೂಸು ಉಳಿಯಲಿಲ್ಲ. ರಾಜಧಾನಿಯ ಪಾಡೇ ಇದಾದರೆ ಕುಣಿಗಲಿನ ಹಳ್ಳಿಯ ಮಾತೇನು? ಮನೆಮನೆಗೂ ಹೋಗಿ ಬಸುರಿಯರನ್ನು ವಿಚಾರಿಸುವ ಆಶಾ ಕಾರ್ಯಕರ್ತೆಯರಿಗೆ ಸೋಂಕಿತರನ್ನು ಹುಡುಕುವ ಕೆಲಸವೂ ಸೇರಿಕೊಂಡಿತ್ತು. ಅದೇ ಜುಲೈಯಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ರಕ್ಷಣಾಸಾಮಗ್ರಿಯನ್ನೂ ಕೇಳಿ ಮುಷ್ಕರ ಹೂಡಬೇಕಾಯಿತು. ಹದಿನೇಳು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ಪ್ರಕಟಿಸಿದ ವಿಮರ್ಶೆಯಲ್ಲಿ, ತಾಯಂದಿರ ಮರಣದ ಸಂಭವವು ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಏರಿದ್ದು ಕಂಡುಬಂದಿತು.

ಇಲ್ಲಿ ಅಪರಾಧಿ ಯಾರು? ನಮ್ಮ ಜನಪದರ ‘ಕೆರೆಗೆ ಹಾರ’ವನ್ನು ವಾಚಕರು ಬಲ್ಲರು. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟವರು ಯಾರೆಂಬುದು ಅಲ್ಲಿ ಸ್ಪಷ್ಟ: ಹಿರಿಯರು ನಿಶ್ಚಯಿಸಿದರು, ಮನೆಯವರು ಸುಮ್ಮನಿದ್ದರು. ಕ್ರೂರವಾದರೂ ಅದೊಂದು ನಿಶ್ಚಯ. ಬೆರಳಿಟ್ಟು ತೋರಿಸಿ ಅಧರ್ಮವೆನ್ನಬಹುದು. ಮಹಾಮಾರಿಯ ಕಾಲದಲ್ಲಾದರೋ ಯಾರೂ ಏನನ್ನೂ ನಿಶ್ಚಯಿಸುವುದಿಲ್ಲ. ಅತ್ತೆಯು ಸೋಂಕಿಗೆ ಅಂಜಿ ‘ಬೆಳಗಾಗಲಿ’ ಎನ್ನುತ್ತಾಳೆ. ಆ ಅಂಜಿಕೆ ಮೂರ್ಖತನವಲ್ಲ. ವಾಹನದವನು ತಡೆಗಟ್ಟೆಗೆ ಅಂಜುತ್ತಾನೆ. ವೈದ್ಯನು ಒಳಗಿರುವ ಇತರ ರೋಗಿಗಳ ಕ್ಷೇಮವನ್ನು ನೆನೆದು ಪರೀಕ್ಷೆಯ ಫಲ ಬರಲೆನ್ನುತ್ತಾನೆ. ಒಬ್ಬೊಬ್ಬರ ತಡವೂ ಸಕಾರಣವಾದುದೇ. ಎಲ್ಲವೂ ಕೂಡಿ ಒಂದು ಜೀವದಷ್ಟಾಗುತ್ತದೆ. ಇದನ್ನು ವಿಧಿಯೆಂದು ಕರೆದು ಕೈತೊಳೆಯುವವರುಂಟು. ನನಗೆ ಅದು ಸಮ್ಮತವಲ್ಲ. ಕಾಯಬಲ್ಲವನನ್ನೂ ಕಾಯಲಾರದವಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ನಿಯಮವು ಎಲ್ಲರಿಗೂ ಒಂದೇ ಆಗಿರುವ ಕಾರಣದಿಂದಲೇ ಅನ್ಯಾಯವಾಯಿತು. ಆಜ್ಞೆಯ ಅಕ್ಷರದಲ್ಲಿ ವೈದ್ಯಕೀಯ ಕಾರ್ಯಕ್ಕೆ ವಿನಾಯಿತಿ ಇದ್ದುದು ನಿಜ; ಆದರೆ ಆ ವಿನಾಯಿತಿಯನ್ನು ಬಾಗಿಲು ಬಾಗಿಲಿನಲ್ಲಿ ಸಾಧಿಸಿ ತೋರಿಸುವ ಭಾರವು ನೋವು ತಿನ್ನುತ್ತಿದ್ದವಳ ಮೇಲೆಯೇ ಬಿದ್ದಿತು.

ಅಂಕಿಗಳನ್ನು ಮುಂದಿಟ್ಟು ಸಮಾಧಾನ ಹೇಳುವವರೂ ಉಂಟು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣವು 2016–18ರಲ್ಲಿ 92 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಸಂತೋಷದ ಸಂಗತಿಯೇ. ಆದರೆ ಅದು ಮೂರು ವರ್ಷಗಳ ಸರಾಸರಿ. ಎರಡು ಒಳ್ಳೆಯ ವರ್ಷಗಳ ನೆರಳಿನಲ್ಲಿ ಒಂದು ಕೆಟ್ಟ ವರ್ಷವು ಕಾಣದಂತೆ ಕುಳಿತಿರಬಲ್ಲುದು. ಮೇಲಾಗಿ, ಇಳಿದ ಸರಾಸರಿಯು ತೀರಿಹೋದವಳ ಮನೆಯವರಿಗೆ ಯಾವ ಉತ್ತರವನ್ನೂ ಕೊಡುವುದಿಲ್ಲ.

ರೋಗವು ಇಳಿದ ಮೇಲೆ ಬಾಗಿಲುಗಳು ತಾವಾಗಿ ತೆರೆದವೆಂದು ತಿಳಿಯುವಂತಿಲ್ಲ. 2022ರ ನವೆಂಬರಿನಲ್ಲಿ, ಯಾವ ನಿರ್ಬಂಧವೂ ಇಲ್ಲದ ಕಾಲದಲ್ಲಿ, ತುಮಕೂರು ನಗರದಲ್ಲಿಯೇ ಒಬ್ಬ ಬಡ ಗರ್ಭಿಣಿಯು ತಾಯಿ ಕಾರ್ಡು ಇಲ್ಲವೆಂಬ ಕಾರಣದಿಂದ ಆಸ್ಪತ್ರೆಯಿಂದ ಹಿಂದಿರುಗಿ, ಮನೆಯಲ್ಲಿ ಅವಳಿ ಶಿಶುಗಳನ್ನು ಹೆತ್ತು ತೀರಿಕೊಂಡಳು, ಶಿಶುಗಳೂ ಉಳಿಯಲಿಲ್ಲ. ಸರ್ಕಾರವು ವೈದ್ಯರನ್ನೂ ದಾದಿಯರನ್ನೂ ಅಮಾನತಿನಲ್ಲಿರಿಸಿತು. ಸರ್ಕಾರಿ ಆಸ್ಪತ್ರೆಯು ತುರ್ತು ಚಿಕಿತ್ಸೆಯನ್ನು ನಿರಾಕರಿಸುವುದು ಜೀವಿಸುವ ಹಕ್ಕಿನ ಭಂಗವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಹೇಳಿತ್ತು. ಅಂದು ಪರೀಕ್ಷೆಯ ಚೀಟಿ, ಇಂದು ತಾಯಿ ಕಾರ್ಡು. ಹೊಸ್ತಿಲಲ್ಲಿ ನಿಲ್ಲಿಸಿ ಕೇಳುವ ಅಭ್ಯಾಸ ಮಾತ್ರ ಒಂದೇ.

ಇದೇ ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೆ ಮೇಲ್ಪಟ್ಟು ಹೆರಿಗೆ ಮಾಡಿಸಿದವರೆಂದು ಹೆಸರಾದವರು, 2018ರಲ್ಲಿ ಪದ್ಮಶ್ರೀ ಪಡೆದು, ಆ ವರ್ಷದ ಡಿಸೆಂಬರಿನಲ್ಲಿಯೇ ತೀರಿಕೊಂಡರು, ಕೋವಿಡ್ಡನ್ನು ಕಾಣಲಿಲ್ಲ. ಹಳೆಯ ಕಾಲವೇ ಚೆನ್ನಾಗಿತ್ತೆಂದು ಹೇಳಲು ನಾನು ಅವರನ್ನು ನೆನೆಯುತ್ತಿಲ್ಲ. ಹರಿಯುವ ರಕ್ತಕ್ಕೆ ಬದಲಿ ರಕ್ತ ಕೊಡುವ ಸಾಧನ ಸೂಲಗಿತ್ತಿಯ ಕೈಯಲ್ಲಿರಲಿಲ್ಲ. ಅದು ಆಸ್ಪತ್ರೆಯಲ್ಲಿ ಉಂಟು. ಆದರೆ ಸೂಲಗಿತ್ತಿಯು ತಾನೇ ಬಸುರಿಯ ಮನೆಗೆ ನಡೆದು ಹೋಗುತ್ತಿದ್ದಳು. ಆಸ್ಪತ್ರೆಗೆ ಬಸುರಿಯೇ ನಡೆದು ಬರಬೇಕು. ಹೀಗೆ ಬಂದವಳನ್ನು ಮೊದಲು ಒಳಗೆ ಮಲಗಿಸಿ, ಚೀಟಿಯ ವಿಚಾರವನ್ನು ಆಮೇಲೆ ಅವಳ ಮನೆಯವರೊಡನೆ ನಡೆಸುವುದಕ್ಕೆ ಹೊಸ ಕಾಯಿದೆಯಾಗಲಿ ಹೊಸ ಔಷಧವಾಗಲಿ ಬೇಕಾಗಿಲ್ಲ.