ಕೇಳಿಸದ ಪ್ರಕಟಣೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲೇ ಇರಲಿ, ಪೂಜೆಯ ವೇಳೆ ಬದಲಾದರೆ ಚೀಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಕಳುಹಿಸಿಬಿಡುತ್ತೇವೆ. ಕಣ್ಣು ಕಾಣದ ಸಹೋದರನ ಮೊಬೈಲು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ನಿಜ. ಆದರೆ ಫೋಟೋ ಬಂದರೆ ಹೆಚ್ಚಾಗಿ ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನುಡಿ, ಬರಹದ ಹಳೆಯ ಫಾಂಟುಗಳದು ಇನ್ನೂ ಫಜೀತಿ: ನಮಗೆ ಕಾಣುವುದು ಕನ್ನಡ, ಅವನಿಗೆ ಕೇಳಿಸುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಯೂನಿಕೋಡಿನಲ್ಲಿ ಟೈಪು ಮಾಡಿದ್ದರೆ ಸಾಕಿತ್ತು.

ಮನೆಯವರು ಓದಿ ಹೇಳುತ್ತಾರಲ್ಲ ಎನ್ನುವಿರಾ? ಹೇಳುತ್ತಾರೆ, ಬಿಡುವಾದಾಗ. ಪಿಂಚಣಿಯ ಕಾಗದವನ್ನೂ ಮಗಳ ಪತ್ರವನ್ನೂ ಅವನು ಇನ್ನೊಬ್ಬರ ಬಾಯಿಂದಲೇ ಕೇಳಬೇಕೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಕ್ಕಿನ ಮಾತಾಡುತ್ತದೆ. ನಾವಿನ್ನೂ ಉಪಕಾರ ಎನ್ನುತ್ತಿದ್ದೇವೆ.

ಜೆರಿಕೋವಿನ ಕುರುಡ ಬಾರ್ತಿಮಾಯನನ್ನು ಜನ ಗದರಿಸಿದರು. ಯೇಸುಸ್ವಾಮಿಯೋ ಅವನನ್ನೇ ಕರೆಸಿ, ಏನು ಬೇಕೆಂದು ಕೇಳಿದರು. ಹೋದ ಭಾನುವಾರದ ಪ್ರಕಟಣೆ ತಲುಪಿತೇ ಎಂದು ನಿಮ್ಮ ಧರ್ಮಕೇಂದ್ರದಲ್ಲಿ ಅಂಥವರನ್ನು ಯಾರಾದರೂ ಕೇಳಿದ್ದೀರಾ?