ಭಾರವನ್ನು ಮುಂದಕ್ಕೆ ತನ್ನಿ



2024ರ ಬೇಸಿಗೆಯನ್ನು ನಮ್ಮ ಕಮ್ಮನಹಳ್ಳಿ ಮರೆತಿಲ್ಲ. ಕೊಳವೆಬಾವಿಗಳು ಬತ್ತಿದವು, ಬೀದಿಬೀದಿಯೂ ನೀರಿನ ಟ್ಯಾಂಕರಿಗಾಗಿ ಕಾಯಿತು. ಟ್ರಾಕ್ಟರು ಎಳೆದು ತರುವ ಟ್ಯಾಂಕರನ್ನು ಒಮ್ಮೆ ಗಮನಿಸಿರಿ. 5000 ಲೀಟರ್ ನೀರೆಂದರೆ 5 ಟನ್ ಭಾರ. ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದೇ ಹೆಚ್ಚು ತೂಕ! ಎರಡನ್ನೂ ಹಿಡಿದಿರುವುದು ಒಂದು ಕೊಂಡಿ, ಒಂದು ಪಿನ್ನು.

ಹೀಗೆ ಎಳೆದೊಯ್ಯುವ ಗಾಡಿಗಳಿಗೆ ಒಂದು ಕಾಯಿಲೆಯುಂಟು, ಅದೇ ಓಲಾಟ. ಭಾರವೆಲ್ಲ ಅಚ್ಚಿನ ಹಿಂದಕ್ಕೆ ಬಿದ್ದರೆ ಗಾಡಿಯ ಹಿಂಭಾಗ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ. ವೇಗ ಹೆಚ್ಚಿದಂತೆ ಬೀಸೂ ಹೆಚ್ಚಿ, ಕೊನೆಗೆ ಎಳೆಯುವ ವಾಹನವನ್ನೇ ಉರುಳಿಸಬಹುದು.

ಪರದೇಶಗಳಲ್ಲಿ ಕುಟುಂಬಗಳು ಮಂಚ, ಒಲೆ ಸಮೇತ ಒಂದು ಪುಟ್ಟ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುತ್ತವೆ. ಓಲಾಟ ತಡೆಯಲು ಅವರು ಕೊಂಡಿಯ ಪಕ್ಕದಲ್ಲಿ ಒಂದು ಸರಳನ್ನು ಜೋಡಿಸುತ್ತಾರೆ. ಅದರ ಒಂದು ತುದಿ ಕಾರಿನ ಕಡೆಗೆ, ಇನ್ನೊಂದು ಗಾಡಿಯ ಮೂಕಿಗೆ. ಗಾಡಿ ಪಕ್ಕಕ್ಕೆ ಬೀಸಿದಾಗ ಸರಳಿನೊಳಗಿನ ಉಜ್ಜಾಟವೇ ಅದನ್ನು ತಡೆಯುತ್ತದೆ. ಆದರೆ ಬಲ್ಲವರು ಸರಳು ಬಿಗಿಯುವ ಮೊದಲು ಸಾಮಾನನ್ನು ಸರಿಯಾಗಿ ಹೇರುತ್ತಾರೆ. ಗಾಡಿಯ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. 1000 ಕಿಲೋ ಗಾಡಿಯಾದರೆ 100ರಿಂದ 150 ಕಿಲೋ. ತಪ್ಪಾಗಿ ಹೇರಿದ ಭಾರವನ್ನು ಯಾವ ಸರಳೂ ಸರಿಪಡಿಸದು.

ನಮ್ಮ ಮನೆಗಳ ಹಿಂದೆಯೂ ಭಾರವಿದೆ. ಮಗಳ ಮದುವೆಯ ಸಾಲ, ಚೀಟಿಯ ಬಾಕಿ, ಅಡವಿಟ್ಟ ಒಡವೆ. ಗಂಡ ಹೆಂಡತಿಗೆ ಹೇಳುವುದಿಲ್ಲ, ಹೆಂಡತಿ ಗಂಡನಿಗೆ ಹೇಳುವುದಿಲ್ಲ. ಭಾರ ಹಿಂದೆಯೇ ಉಳಿಯುತ್ತದೆ. ಸಂಜೆ ಜಪಸರವೂ ನಡೆಯುತ್ತದೆ, ಮನೆ ಓಲಾಡುತ್ತಲೂ ಇರುತ್ತದೆ. "ಇಷ್ಟು ಪ್ರಾರ್ಥಿಸಿದರೂ ಯಾಕೆ ಸ್ವಾಮಿ ಹೀಗೆ?" ಎಂದು ನೀವು ಕೇಳಬಹುದು. ದೈವಕೃಪೆಯು ಮಾನವ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಾಸ್ ಅಕ್ವಿನಾಸರ ಬೋಧನೆ. ಪ್ರಾರ್ಥನೆಯು ಬಚ್ಚಿಟ್ಟ ಸಾಲವನ್ನು ಮುಚ್ಚುವ ಮುಸುಕಲ್ಲ. ಅದನ್ನು ಬಿಚ್ಚಿ ಹೇಳಲು ಬೇಕಾದ ಧೈರ್ಯವನ್ನು ಅದು ಕೊಡುತ್ತದೆ.

ಹೆಂಡತಿ ಲೆಕ್ಕ ಕೇಳಿದರೆ ಕೆಲವರಿಗೆ ಅದು ಜಗಳವೆನಿಸುತ್ತದೆ. ಪ್ರಿಯರೇ, ಆ ಚಿಕ್ಕ ಉಜ್ಜಾಟವೇ ಮನೆಯನ್ನು ದಾರಿಯಲ್ಲಿ ಹಿಡಿದಿಡುವ ಸರಳು.

ಇನ್ನೊಂದು ಮಾತು. ಓಲಾಟ ಆರಂಭವಾದ ಮೇಲೆ ಬ್ರೇಕನ್ನು ಜೋರಾಗಿ ತುಳಿದರೆ ಗಾಡಿ ಮಡಚಿಕೊಳ್ಳುವ ಅಪಾಯವಿದೆ. ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ಸಾಲದ ಸತ್ಯ ಹೊರಬಿದ್ದ ರಾತ್ರಿಯೂ ಹಾಗೆಯೇ. ಆ ರಾತ್ರಿಯೇ ತೀರ್ಪು ಕೊಡಬೇಡಿರಿ. ತವರಿಗೆ ಹೊರಡಬೇಡಿರಿ, ಕೈ ಎತ್ತಲೇಬೇಡಿರಿ.

ಮತ್ತಾಯನ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಭಾರ ಹೊತ್ತು ಬಳಲಿದವರನ್ನು ಕರೆಯುತ್ತಾರೆ. ನೊಗವೇ ಇಲ್ಲದ ಬಾಳನ್ನು ಅವರು ವಾಗ್ದಾನ ಮಾಡಲಿಲ್ಲ, ತಮ್ಮ ನೊಗಕ್ಕೆ ಹೆಗಲು ಕೊಡಲು ಕರೆದರು. ನೊಗವೆಂದರೆ ಇಬ್ಬರ ಹೆಗಲಿಗೆ ಮಾಡಿದ್ದು.

ಈ ಭಾನುವಾರ ಊಟವಾದ ಮೇಲೆ ಗಂಡಹೆಂಡಿರು ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿರಿ. ಮೊದಲು ಶಿಲುಬೆಯ ಗುರುತು ಮಾಡಿರಿ. ಆಮೇಲೆ ಯಾರಿಗೆ ಎಷ್ಟು ಕೊಡಬೇಕೆಂದು ಒಂದೊಂದಾಗಿ ಬರೆಯಿರಿ.