ಉಳಿದ ಉಪಕರಣಗಳು ಯಾರ ಸೊತ್ತು?

ಮನೆಯ ಯಜಮಾನರು ಹರಿಪಾದವನ್ನು ಸೇರಿದ ಮೇಲೆ ನಡೆಯಬೇಕಾದ ಕರ್ಮಗಳನ್ನು ಶಾಸ್ತ್ರವು ದಿನದಿನಕ್ಕೂ ವಿಧಿಸಿದೆ. ಪುರೋಹಿತರು ಹೇಳುತ್ತಾರೆ, ಮನೆಯವರು ನಡೆಸುತ್ತಾರೆ. ವೈಕುಂಠ ಸಮಾರಾಧನೆಯೂ ಮುಗಿದು ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಅದಕ್ಕೆ ಯಾವ ಪ್ರಯೋಗ ಗ್ರಂಥವೂ ಇಲ್ಲ. ಅಗಲಿದವರು ತಮ್ಮ ಕೈಯಾರೆ ಬಳಸುತ್ತಿದ್ದ ಉಪಕರಣಗಳನ್ನು ಏನು ಮಾಡಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದರೊಳಗೆ ಮಮಕಾರ, ಋಣ, ದಾನ ಈ ಮೂರೂ ಅಡಗಿವೆ.

ತುಮಕೂರಿನ ಒಂದು ಮನೆಯ ಸಂಗತಿಯನ್ನು ನಾವು ಬಲ್ಲೆವು. ಆ ಮನೆಯ ಯಜಮಾನರು ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. 1978ರಲ್ಲಿ ತುಮಕೂರಿನಲ್ಲಿ ಆರಂಭವಾದ ಆ ಕಾರ್ಖಾನೆ ಎಷ್ಟೋ ಸಂಸಾರಗಳಿಗೆ ಅನ್ನವಿತ್ತಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನೇ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆ ನಿಂತರೂ ಇವರ ಕೈ ನಿಲ್ಲಲಿಲ್ಲ. ಹಿತ್ತಿಲ ಕೋಣೆಯಲ್ಲಿ ಒಂದು ಮೇಜು, ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಚಿಮಟಗಳು, ಎಳೆಯಷ್ಟು ಸಣ್ಣ ಸ್ಕ್ರೂಡ್ರೈವರುಗಳು ಇವುಗಳೊಡನೆ ಊರವರ ಗಡಿಯಾರಗಳನ್ನು ಸರಿಮಾಡಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೋಣೆಯ ಬೀಗ ತೆಗೆಯುವ ಹೊಣೆ ಆ ಮನೆಯಾಕೆಯ ಪಾಲಿಗೆ ಬಂದಿತು.

ಬೆಂಗಳೂರಿನಲ್ಲಿರುವ ಮಗನು, "ಅಮ್ಮ, ಎಲ್ಲವನ್ನೂ ತೂಕಕ್ಕೆ ಹಾಕಿಬಿಡಿ, ನೋಡಿದಷ್ಟೂ ನೋವು" ಎಂದನು. ಮಗಳು, "ಒಂದನ್ನೂ ಮುಟ್ಟಬೇಡಿ, ಅಪ್ಪ ಇಟ್ಟ ಹಾಗೆಯೇ ಇರಲಿ" ಎಂದಳು. ಇಬ್ಬರ ಮಾತಿನಲ್ಲಿಯೂ ಪ್ರೀತಿ ಇತ್ತು. ಇಬ್ಬರದೂ ಒಂದೇ ಎಣಿಕೆಯ ಮೇಲೆ ನಿಂತ ಮಾತು. ಆ ವಸ್ತುಗಳು ನಮ್ಮವು, ಆದುದರಿಂದ ಉಳಿಸುವುದಾಗಲಿ ಕಳೆಯುವುದಾಗಲಿ ನಮ್ಮ ಇಷ್ಟ ಎಂಬುದೇ ಆ ಎಣಿಕೆ.

ಈ ಎಣಿಕೆಯನ್ನೇ ನಾವು ಪರಿಶೀಲಿಸಬೇಕು. ಜಗತ್ತು ಮಿಥ್ಯೆ, ಎಲ್ಲವೂ ತೋರಿಕೆ ಎಂದು ಹೇಳಿ ದುಃಖಿತರನ್ನು ಸಮಾಧಾನಪಡಿಸುವ ದಾರಿ ನಮ್ಮ ಸಿದ್ಧಾಂತದಲ್ಲಿಲ್ಲ. ಜಗತ್ತು ಸತ್ಯ. ಆ ಮೇಜು ಸತ್ಯ, ಅಲ್ಲಿ ಕುಳಿತವರ ಕೌಶಲ ಸತ್ಯ, ಅವರಿಲ್ಲವೆಂಬ ನೋವೂ ಸತ್ಯವೇ. ಆದರೆ ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ಸ್ವತಂತ್ರನು ಶ್ರೀವಿಷ್ಣು ಒಬ್ಬನೇ ಎಂದು ಸಾರಿದ್ದಾರೆ. ವಸ್ತು ನಿಜ, ಅದರ ಮೇಲಿನ ನಮ್ಮ ಒಡೆತನ ಮಾತ್ರ ಸ್ವತಂತ್ರವಾದುದಲ್ಲ. ನಾವು ಒಡೆಯನ ಸೊತ್ತನ್ನು ಕಾಯುವವರು. ಹೀಗೆ ತಿಳಿದಾಗ ಪ್ರಶ್ನೆಯ ರೂಪವೇ ಬದಲಾಗುತ್ತದೆ. "ಇಟ್ಟುಕೊಳ್ಳಲೋ ಬಿಡಲೋ" ಎಂಬುದು ಹೋಗಿ, "ಇದು ಎಲ್ಲಿಗೆ ಸಲ್ಲಬೇಕು" ಎಂಬುದು ಬರುತ್ತದೆ.

ಆ ತಾಯಿ ಮಾಡಿದ್ದು ಇದನ್ನೇ. ಮೊದಲು ಆಕೆ ಹುಡುಕಿದ್ದು ಪತಿಯದಲ್ಲದ ವಸ್ತುಗಳನ್ನು. ಡ್ರಾಯರಿನಲ್ಲಿ ಚೀಟಿ ಕಟ್ಟಿದ ಗಡಿಯಾರಗಳಿದ್ದವು. ರಿಪೇರಿಗೆ ಕೊಟ್ಟವರ ಹೆಸರು ಅವುಗಳ ಮೇಲಿತ್ತು. ಸರಿಯಾದವು ಕೆಲವು, ಬಿಚ್ಚಿ ಅರ್ಧಕ್ಕೆ ನಿಂತವು ಕೆಲವು. ಒಂದೊಂದನ್ನೂ ಅವರವರ ಮನೆಗೆ ಮುಟ್ಟಿಸಿದರು. ಕುಣಿಗಲ್ ಕಡೆಯ ಹಳ್ಳಿಯೊಂದಕ್ಕೆ ಬಸ್ಸಿನಲ್ಲಿ ಹೋಗಿ ಒಂದನ್ನು ಕೊಟ್ಟು ಬಂದರು. ಮುಂಗಡ ಪಡೆದು ಕೆಲಸ ಮುಗಿಯದಿದ್ದ ಕಡೆ ಹಣವನ್ನೂ ಹಿಂದಿರುಗಿಸಿದರು. ಪಿಂಡಪ್ರದಾನದಿಂದ ಪಿತೃಋಣ ತೀರಬಹುದು. ನೆರೆಯವನ ಗಡಿಯಾರದ ಋಣ ಗಡಿಯಾರವನ್ನು ಕೊಟ್ಟರೆ ಮಾತ್ರ ತೀರುತ್ತದೆ. ದಾನಕ್ಕಿಂತ ಮೊದಲು ಋಣವಿಮೋಚನೆ. ಪರರ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ಮಾಡಿದ ದಾನಕ್ಕೆ ದಾನವೆಂಬ ಹೆಸರು ಒಪ್ಪುವುದಿಲ್ಲ. ಚೀಟಿ ಬಿದ್ದುಹೋದ ಒಂದು ಕೈಗಡಿಯಾರ ಮಾತ್ರ ಉಳಿಯಿತು. ಅದನ್ನು ಆಕೆ ಯಾರಿಗೂ ಕೊಡಲಿಲ್ಲ, ತಾವೂ ಬಳಸಲಿಲ್ಲ. ಒಡೆಯರು ಬಂದಾರೆಂದು ಕಾದಿರಿಸಿದ್ದಾರೆ.

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ದಾರಿಯಲ್ಲಿ, ಗೂಳೂರಿನ ಸಮೀಪ, ಕೈದಾಳದ ಚೆನ್ನಕೇಶವ ದೇವಾಲಯವಿದೆ. ಅಮರಶಿಲ್ಪಿ ಜಕಣಾಚಾರಿಯ ಐತಿಹ್ಯವನ್ನು ನಮ್ಮ ವಾಚಕರು ಕೇಳಿಯೇ ಇರುತ್ತಾರೆ. ಬೇಲೂರಿನಲ್ಲಿ ತಾನು ಕಡೆದ ವಿಗ್ರಹದ ದೋಷವನ್ನು ಅಪರಿಚಿತ ತರುಣನೊಬ್ಬನು ತೋರಿಸಿಕೊಟ್ಟಾಗ ಆತನು ತನ್ನ ಬಲಗೈಯನ್ನು ಕಡಿದುಕೊಂಡನು, ಆ ತರುಣನು ತನ್ನ ಮಗನೇ ಎಂದು ಆಮೇಲೆ ತಿಳಿಯಿತು, ಕ್ರೀಡಾಪುರದಲ್ಲಿ ಕೇಶವನ ಗುಡಿಯನ್ನು ಕಟ್ಟಲು ಕಳೆದ ಕೈ ಮರಳಿತು, ಊರು ಕೈದಾಳವಾಯಿತು. ಇದು ಜನಜನಿತವಾದ ಕಥೆ, ಶಾಸನದ ಮಾತಲ್ಲ. ಆದರೂ ಕಥೆಯ ಅರ್ಥ ದೊಡ್ಡದು. ತಂದೆಯ ವಿದ್ಯೆ ತಂದೆಯಲ್ಲೇ ನಿಲ್ಲಲಿಲ್ಲ. ಮಗನ ಕಣ್ಣಿನಲ್ಲಿ ಅದು ಇನ್ನೂ ಹರಿತವಾಯಿತು. ಕೈಯೂ ಕೊನೆಗೆ ಕೊಟ್ಟವನಿಂದಲೇ ಬರಬೇಕಾಯಿತು. ಕೈಯೇ ಕೊಡುಗೆಯಾದ ಮೇಲೆ ಕೈಯಲ್ಲಿ ಹಿಡಿದ ಉಳಿಯ ಮಾತೇನು?

ಋಣ ತೀರಿದ ಬಳಿಕ ಆಕೆ ಉಪಕರಣಗಳನ್ನು ಗುಬ್ಬಿಯಲ್ಲಿ ಗಡಿಯಾರ ರಿಪೇರಿ ಮಾಡಿ ಬದುಕುವ ಒಬ್ಬ ತರುಣನಿಗೆ ಕೊಟ್ಟರು. ಕೊಡುವಾಗ ಕೈ ನಡುಗಿತೆಂದು ಅವರೇ ಹೇಳಿದರು. ನಡುಗುವುದು ಸಹಜ, ನಡುಗಿದರೂ ಕೊಟ್ಟುದು ಧರ್ಮ. ತಮಗಾಗಿ ಇರಿಸಿಕೊಂಡದ್ದು ಎರಡೇ: ಒಂದು ಚಿಮಟ, ಒಂದು ಭೂತಗನ್ನಡಿ. ಅವನ್ನು ಪೆಟ್ಟಿಗೆಯಲ್ಲಿಡಲಿಲ್ಲ. ಗೆಜ್ಜೆವಸ್ತ್ರ ಮಾಡುವಾಗ ಹತ್ತಿಯ ಕಸ ತೆಗೆಯುವುದು ಆ ಚಿಮಟದಿಂದ. ಸೂಜಿಗೆ ದಾರ ಪೋಣಿಸುವುದು ಆ ಗಾಜಿನ ನೆರವಿನಿಂದ.

ಇಲ್ಲಿ ನಾವು ಗಮನಿಸದೆ ಬಿಡುವ ಒಂದು ಅಂಶವಿದೆ. ಗಂಡಸಿನ ಕಸುಬಿಗೆ ಕೋಣೆಯುಂಟು, ಬೀಗವುಂಟು, ಅದನ್ನು ವಿಂಗಡಿಸುವಾಗ ಮಕ್ಕಳ ಚರ್ಚೆಯುಂಟು. ಹೂಬತ್ತಿ ಹೊಸೆಯುವುದು, ಮುತ್ತುಗದ ಎಲೆ ಹಚ್ಚುವುದು, ಬಾಳೆನಾರಿನಲ್ಲಿ ಹೂ ಕಟ್ಟುವುದು, ರಂಗವಲ್ಲಿ ಹಾಕುವುದು, ಇವುಗಳಿಗೆ ಕೋಣೆಯಿಲ್ಲ. ಅಡಿಗೆಮನೆಯ ಗೂಡಿನಲ್ಲಿ ಒಂದು ಡಬ್ಬಿ ಇದ್ದೀತು. ಆದರೆ ದೇವರ ದೀಪ ಉರಿಯುವುದು ಆ ಡಬ್ಬಿಯ ಬತ್ತಿಯಿಂದ. ಆ ವಿದ್ಯೆಯ ಉತ್ತರಾಧಿಕಾರಿ ಯಾರೆಂದು ಎಷ್ಟು ಮನೆಗಳಲ್ಲಿ ಕೇಳಿದ್ದೇವೆ? ಹತ್ತಿಯ ಡಬ್ಬಿ ಉಳಿದು ಹೊಸೆಯುವ ಬೆರಳು ಮರೆತರೆ, ಅದೂ ಬೀಗ ಹಾಕಿದ ಕೋಣೆಯೇ.

ಉಡುಪಿಯ ಪರ್ಯಾಯವನ್ನು ನೆನೆಯೋಣ. ಎರಡು ವರ್ಷಕ್ಕೊಮ್ಮೆ ಅಕ್ಷಯಪಾತ್ರೆಯೂ ಸಟ್ಟುಗವೂ ಒಬ್ಬ ಯತಿಗಳ ಕೈಯಿಂದ ಇನ್ನೊಬ್ಬ ಯತಿಗಳ ಕೈಗೆ ಸಲ್ಲುತ್ತವೆ. ಬಡಿಸುವ ಸಟ್ಟುಗವೇ ಅಲ್ಲಿ ಅಧಿಕಾರದ ಕುರುಹು. ಯಾರೂ ಅದನ್ನು ತಮ್ಮದೆಂದು ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಬಿಡುವೂ ಇಲ್ಲ.

ಪಿತೃಪಕ್ಷ ಕಳೆದ ಮರುದಿನವೇ ನವರಾತ್ರಿ ತೊಡಗುವುದು, ಮಹಾನವಮಿಯಂದು ಆಯುಧಗಳಿಗೆ ಪೂಜೆ ಸಲ್ಲುವುದು, ಈ ಕ್ರಮವೂ ಅರ್ಥವತ್ತಾಗಿದೆ. ಹಿರಿಯರನ್ನು ನೆನೆದು, ಬಳಿಕ ಅವರು ಬಿಟ್ಟುಹೋದ ಉಪಕರಣಗಳನ್ನು ಒರೆಸಿ, ಗಂಧಾಕ್ಷತೆಯಿಟ್ಟು ಮತ್ತೆ ಕೆಲಸಕ್ಕೆ ಎತ್ತಿಕೊಳ್ಳುತ್ತೇವೆ. ಈ ವರ್ಷ ಪೂಜೆಗೆ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಇಷ್ಟನ್ನು ವಿಚಾರಿಸೋಣ: ಇದರಲ್ಲಿ ಪರರದು ಯಾವುದು, ಕಲಿಯುವ ಕೈಗೆ ಸಲ್ಲಬೇಕಾದುದು ಯಾವುದು, ನಾವೇ ನಿತ್ಯ ಬಳಸುವುದು ಯಾವುದು? ಇದನ್ನು ಬದುಕಿರುವಾಗಲೇ ಹಿರಿಯರು ಬಾಯಿಬಿಟ್ಟು ಹೇಳಿದರೆ, ಮುಂದೆ ಬೀಗ ತೆಗೆಯುವವರ ಭಾರ ಅಷ್ಟು ಹಗುರವಾದೀತು.

ಶ್ರೀಕೃಷ್ಣಾರ್ಪಣಮಸ್ತು.